ಲಕ್ವಕ್ಕೆ ಆಸ್ಪತ್ರೆಯಲ್ಲಿ ಮದ್ದಿಲ್ಲ ಎನ್ನುವವರಿಗೆ

ಹುಣಸೂರು ತಾಲ್ಲೂಕಿನ ಹನಗೋಡಿನ ಸುತ್ತಮುತ್ತ ಯಾರಿಗಾದರೂ ಬಾಯಿ ಸೊಟ್ಟಗಾಯಿತು, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪಿತು ಎಂದರೆ ಮನೆ ಮುಂದೆ ಸೇರಿದ ಜನರ ಬಾಯಲ್ಲಿ ಮೊದಲು ಬರುವ ಮಾತು ಒಂದೇ. ‘ಲಕ್ವಕ್ಕೆ ಇಂಗ್ಲಿಷ್ ಔಷಧಿ ನಡೆಯಲ್ಲ. ಆಸ್ಪತ್ರೆಗೆ ಹೋದ್ರೆ ದುಡ್ಡು ದಂಡ. ನಾಟಿ ಔಷಧಿನೇ ಆಗ್ಬೇಕು.’ ಆಮೇಲೆ ನಡೆಯುವುದು ಯಾವ ಊರಿನ ಔಷಧಿ ಒಳ್ಳೆಯದು ಎಂಬ ಚರ್ಚೆ. ಒಬ್ಬರು ಎಚ್.ಡಿ. ಕೋಟೆ ಕಡೆಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಪಿರಿಯಾಪಟ್ಟಣದಾಚೆ ಕೊಡಗಿನ ಗಡಿಯ ಊರು ಹೇಳುತ್ತಾರೆ, ಮತ್ತೊಬ್ಬರು ಕೆ.ಆರ್. ನಗರದ ಹತ್ತಿರ ಮಂಗಳವಾರ ಮಾತ್ರ ಕೊಡುವವರೊಬ್ಬರಿದ್ದಾರೆ ಎನ್ನುತ್ತಾರೆ. ಹುಡುಗರು ಪಾರಿವಾಳ ಹುಡುಕಿಕೊಂಡು ಹೋಗುತ್ತಾರೆ, ಬಿಸಿ ರಕ್ತ ಉಜ್ಜಿದರೆ ನರ ಬಿಡುತ್ತದೆ ಎಂದು. ರೋಗಿ ಒಳಗೆ ಚಾಪೆಯ ಮೇಲೆ ಮಲಗಿರುತ್ತಾನೆ. ಮೆದುಳು ಸಾಯುತ್ತಿರುತ್ತದೆ.

ಓದುಬರಹ ಇಲ್ಲದವರು ಹೀಗೆ ಹೇಳುತ್ತಾರೆ ಎಂದುಕೊಂಡರೆ ತಪ್ಪು. ಮೇಷ್ಟರು ಹೇಳುತ್ತಾರೆ, ಪಂಚಾಯಿತಿ ಸದಸ್ಯರು ಹೇಳುತ್ತಾರೆ, ಕಟ್ಟೆಮಳಲವಾಡಿಯ ಹೊಗೆಸೊಪ್ಪು ಹರಾಜು ಮಾರುಕಟ್ಟೆಯಲ್ಲಿ ಬೇಲು ಇಳಿಸಿ ಕೂತ ರೈತರು ಹೇಳುತ್ತಾರೆ, ಮೈಸೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳುತ್ತಾರೆ. ಹೇಳುವವರೆಲ್ಲ ರೋಗಿಯ ಹಿತವನ್ನೇ ಬಯಸುವವರು. ಆದ್ದರಿಂದಲೇ ಈ ಮಾತನ್ನು ಎದುರಿಸುವುದು ಕಷ್ಟ. ಆದರೂ ಎದುರಿಸಲೇಬೇಕು. ಇದು ತಪ್ಪು ಮಾತು, ಮತ್ತು ಈ ತಪ್ಪಿಗೆ ಪ್ರತಿ ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಮ್ಮ ನಾಲ್ಕು ತಾಲ್ಲೂಕುಗಳ ಜನ ಕೈಕಾಲು, ಮಾತು, ಜೀವ ತೆರುತ್ತಿದ್ದಾರೆ.

ಮೊದಲು ಒಂದು ನ್ಯಾಯದ ಮಾತು. ನಮ್ಮ ತಾತಂದಿರ ಕಾಲದಲ್ಲಿ ಈ ಮಾತು ಸುಳ್ಳಾಗಿರಲಿಲ್ಲ. ತಲೆಬುರುಡೆಯೊಳಗೆ ಆಗಿರುವುದೇನು ಎಂದು ಜೀವಂತ ಮನುಷ್ಯನಲ್ಲಿ ಕಣ್ಣಿಗೆ ಕಾಣುವ ಹಾಗೆ ತೋರಿಸುವ ಸಿ.ಟಿ. ಸ್ಕ್ಯಾನ್ ಲಂಡನ್ನಿನಲ್ಲಿ ಮೊದಲ ರೋಗಿಗೆ ಮಾಡಿದ್ದೇ 1971ರಲ್ಲಿ. ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿನಿಂದ ಲಕ್ವದ ರೋಗಿಗೆ ಗುಣವಿದೆ ಎಂದು ಅಮೆರಿಕದ ದೊಡ್ಡ ಪ್ರಯೋಗವೊಂದು ಸಾಬೀತು ಮಾಡಿದ್ದು 1995ರಲ್ಲಿ. ಅಲ್ಲಿಯವರೆಗೆ ಯಾವ ದೊಡ್ಡಾಸ್ಪತ್ರೆಗೆ ಹೋದರೂ ಡಾಕ್ಟರು ಬಿ.ಪಿ. ನೋಡಿ, ಡ್ರಿಪ್ ಹಾಕಿ, ‘ದೇವರ ಮೇಲೆ ಭಾರ ಹಾಕಿ’ ಎಂದು ಮನೆಗೆ ಕಳಿಸುತ್ತಿದ್ದರು. ಜನ ನೋಡಿದ್ದನ್ನೇ ಹೇಳಿದರು. ಆದರೆ ಕಾಲ ಬದಲಾಗಿ ಮೂವತ್ತು ವರ್ಷವಾಯಿತು. ನಮ್ಮ ಮಾತು ಮಾತ್ರ ಬದಲಾಗಿಲ್ಲ.

ನಾಟಿ ಔಷಧಿಯ ಪರವಾಗಿರುವವರ ಕೈಯಲ್ಲಿ ಒಂದು ದೊಡ್ಡ ಅಸ್ತ್ರವಿದೆ. ‘ನಾನು ಕಣ್ಣಾರೆ ನೋಡಿದ್ದೀನಿ. ನಮ್ಮ ಭಾವನಿಗೆ ಬಾಯಿ ಸೊಟ್ಟಗಾಗಿತ್ತು, ಇಪ್ಪತ್ತೊಂದು ದಿನ ಔಷಧಿ ಕುಡಿದು ಪಥ್ಯ ಮಾಡಿದ, ಈಗ ಮೊದಲಿನ ಹಾಗೇ ಇದ್ದಾನೆ.’ ಇದನ್ನು ಸುಳ್ಳು ಎಂದು ತಳ್ಳಿಹಾಕುವವರು ಜನರ ನಂಬಿಕೆ ಕಳೆದುಕೊಳ್ಳುತ್ತಾರೆ, ಕಳೆದುಕೊಳ್ಳಬೇಕಾದ್ದೇ. ಭಾವನಿಗೆ ವಾಸಿಯಾದದ್ದು ನಿಜ. ಪ್ರಶ್ನೆ ಇರುವುದು ಆ ಭಾವನಿಗೆ ಬಂದಿದ್ದ ಕಾಯಿಲೆ ಯಾವುದು ಎಂಬುದರಲ್ಲಿ.

ಆ ಮುಖವನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿತು. ಕನ್ನಡಿ ನೋಡಿದರೆ ತುಟಿ ಒಂದು ಪಕ್ಕಕ್ಕೆ ಎಳೆದಿದೆ. ಹಿಂದಿನ ದಿನ ಕಿವಿಯ ಹಿಂದೆ ಒಂದಿಷ್ಟು ನೋವಿತ್ತು. ಈಗ ಹುಬ್ಬು ಮೇಲೆತ್ತಲು ಹೇಳಿದರೆ ಕೆಟ್ಟಿರುವ ಕಡೆಯ ಹಣೆಯಲ್ಲಿ ಒಂದು ಗೆರೆಯೂ ಮೂಡುವುದಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಲು ಹೇಳಿದರೆ ಆ ಕಡೆಯ ರೆಪ್ಪೆ ಪೂರ್ತಿ ಮುಚ್ಚದೆ ಗುಡ್ಡೆ ಮೇಲಕ್ಕೆ ತಿರುಗಿ ಬಿಳಿ ಕಾಣುತ್ತದೆ. ಕೈ ಸರಿಯಿದೆ, ಕಾಲು ಸರಿಯಿದೆ, ಮಾತಿನಲ್ಲಿ ಪದ ತಪ್ಪುತ್ತಿಲ್ಲ. ಇದು ಮೆದುಳಿನ ಕಾಯಿಲೆಯಲ್ಲ. ಕಿವಿಯ ಹಿಂದಿನಿಂದ ಮುಖಕ್ಕೆ ಬರುವ ನರ ಊದಿಕೊಂಡು ಕೆಲಸ ನಿಲ್ಲಿಸಿದೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 1821ರಲ್ಲೇ ಈ ನರದ ಕೆಲಸವನ್ನು ವಿವರಿಸಿದ್ದರಿಂದ ಕಾಯಿಲೆಗೆ ಬೆಲ್ಸ್ ಪಾಲ್ಸಿ ಎಂಬ ಹೆಸರು ನಿಂತಿದೆ.

ಮೆದುಳಿನ ಲಕ್ವದಲ್ಲಿ ಸಾಮಾನ್ಯವಾಗಿ ಕೆಳಗಿನ ಮುಖ ಮಾತ್ರ ಜೋಲುತ್ತದೆ, ಹಣೆ ಉಳಿದುಕೊಳ್ಳುತ್ತದೆ. ಕಾರಣ ಸರಳ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ನಮ್ಮ ಲಕ್ಷ್ಮಣತೀರ್ಥ ನದಿಯ ಅಣೆಕಟ್ಟೆಯ ಕೆಳಗೆ ಎರಡು ನಾಲೆಯ ನೀರು ಬೀಳುವ ಗದ್ದೆಗೆ ಒಂದು ನಾಲೆ ಒಡೆದರೂ ಇನ್ನೊಂದು ನೀರುಣಿಸುವ ಹಾಗೆ, ಮೆದುಳಿನ ಒಂದು ಪಕ್ಕ ಕೆಟ್ಟರೂ ಇನ್ನೊಂದು ಪಕ್ಕ ಹುಬ್ಬನ್ನು ಎತ್ತಿಸುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ಕೆಟ್ಟಿರುವುದು ಕೊನೆಯ ತೂಬು, ಆದ್ದರಿಂದ ಮುಖದ ಆ ಅರ್ಧ ಪೂರ್ತಿ ಒಣಗುತ್ತದೆ. ಈ ಗುರುತಿಗೂ ಅಪವಾದಗಳಿವೆ. ಹಾಗಾಗಿ ಕೊನೆಯ ತೀರ್ಪು ಡಾಕ್ಟರದ್ದೇ ಆಗಬೇಕು, ಕಟ್ಟೆಯ ಮೇಲೆ ಕೂತವರದ್ದಲ್ಲ.

ಇನ್ನು ಆ ಇಪ್ಪತ್ತೊಂದು ದಿನದ ವಿಷಯ. ಕೋಪನ್‌ಹೇಗನ್ನಿನ ಪೈಟರ್ಸನ್ ಎಂಬ ವೈದ್ಯರು ಯಾವ ಔಷಧಿಯನ್ನೂ ಕೊಡದೆ ಈ ಮುಖದ ರೋಗಿಗಳನ್ನು 25 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರರಲ್ಲಿ 85 ಜನರಿಗೆ ಮೂರು ವಾರದೊಳಗೆ ಮುಖದ ಚಲನೆ ಮರಳಲು ಶುರುವಾಗಿತ್ತು. ಸುಮಾರು 70 ಜನರಿಗೆ ಪೂರ್ತಿ ವಾಸಿಯಾಯಿತು. ಏನೂ ಕೊಡದೆ! ನಮ್ಮ ಸೀಮೆಯಲ್ಲಿ ಅದೇ ಮೂರು ವಾರ ಕಷಾಯ ಕುಡಿಸಿದವರಿಗೆ ಕೀರ್ತಿ ಬಂತು. ಅವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಎಷ್ಟೋ ಮಂದಿ ಕೈಯೊಡ್ಡಿ ದುಡ್ಡು ಕೇಳುವವರೂ ಅಲ್ಲ. ಆದರೆ ತಾನಾಗಿ ವಾಸಿಯಾಗುವ ಕಾಯಿಲೆಯ ಲೆಕ್ಕವನ್ನು ತಾನಾಗಿ ವಾಸಿಯಾಗದ ಕಾಯಿಲೆಯ ಖಾತೆಗೆ ಬರೆದಿದ್ದೇವೆ. ನಾಳೆ ಪಕ್ಕದ ಮನೆಯಲ್ಲಿ ನಿಜವಾದ ಲಕ್ವ ಹೊಡೆದಾಗ ಇದೇ ಭಾವನ ಉದಾಹರಣೆ ಕೊಟ್ಟು ಆಂಬುಲೆನ್ಸ್ ಬೇಡ ಎನ್ನುತ್ತೇವೆ. ಅಂದಹಾಗೆ ಬೆಲ್ಸ್ ಪಾಲ್ಸಿಗೂ ಆಸ್ಪತ್ರೆಗೆ ಹೋಗಬೇಕು. ಮೂರು ದಿನದೊಳಗೆ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರೆ ಪೂರ್ತಿ ವಾಸಿಯಾಗುವವರ ಸಂಖ್ಯೆ ಹೆಚ್ಚುತ್ತದೆ. ಮುಚ್ಚದ ಕಣ್ಣಿಗೆ ಧೂಳು ಬಿದ್ದು ಹುಣ್ಣಾಗದ ಹಾಗೆ ಕಾಪಾಡುವುದೂ ಅಷ್ಟೇ ಮುಖ್ಯ.

ಕಣ್ಣಾರೆ ಕಂಡ ಸಾಕ್ಷಿಯ ಎರಡನೆಯ ಬಗೆ ಇದಕ್ಕಿಂತ ಅಪಾಯದ್ದು. ಗದ್ದೆಯಲ್ಲಿ ಗುದ್ದಲಿ ಹಿಡಿದಿದ್ದವರ ಬಲಗೈ ಇದ್ದಕ್ಕಿದ್ದಂತೆ ಸೋತಿತು, ಮಾತು ತೊದಲಿತು. ಮನೆಗೆ ತಂದು ತಲೆಗೆ ಎಣ್ಣೆ ತಟ್ಟಿ, ಸೊಪ್ಪಿನ ರಸ ಕುಡಿಸಿದರು. ಕಾಲು ಗಂಟೆಯಲ್ಲಿ ಎದ್ದು ಕೂತರು, ಕಾಫಿ ಕೇಳಿದರು. ಔಷಧಿಯ ಪವಾಡ! ಆದರೆ ಆದದ್ದು ಬೇರೆ. ಹೆಪ್ಪುಗಟ್ಟಿದ ರಕ್ತದ ಚೂರೊಂದು ಮೆದುಳಿನ ನಾಳದಲ್ಲಿ ಸಿಕ್ಕಿಕೊಂಡು, ಅದೃಷ್ಟಕ್ಕೆ ತಾನಾಗಿ ಕರಗಿಹೋಗಿದೆ. ಇದನ್ನು ಮಿನಿ ಸ್ಟ್ರೋಕ್ ಎನ್ನುತ್ತಾರೆ. ಬಹುಪಾಲು ಒಂದು ಗಂಟೆಯೊಳಗೆ ಬಿಟ್ಟುಬಿಡುತ್ತದೆ. ಬಿಟ್ಟಿತೆಂದು ಸುಮ್ಮನಿದ್ದರೆ? 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದ ಅಧ್ಯಯನದಲ್ಲಿ ಇಂಥವರ ಪೈಕಿ ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ದೊಡ್ಡ ಲಕ್ವ ಹೊಡೆದಿತ್ತು, ಅದರಲ್ಲಿ ಅರ್ಧದಷ್ಟು ಮೊದಲ ಎರಡು ದಿನದಲ್ಲೇ. ತಕ್ಷಣ ಪರೀಕ್ಷೆ ಮಾಡಿ ಮಾತ್ರೆ ಶುರು ಮಾಡಿದರೆ ಆ ಅಪಾಯ ಶೇಕಡಾ 80ರಷ್ಟು ಇಳಿಯುತ್ತದೆ ಎಂದು 2007ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ತೋರಿಸಿದರು. ಲಕ್ವವನ್ನು ಬರುವ ಮೊದಲೇ ತಡೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ. ನಾವು ಆ ಗಳಿಗೆಯಲ್ಲಿ ಕಾಫಿ ಕೊಟ್ಟು, ‘ಸುಸ್ತಾಗಿತ್ತು ಅಷ್ಟೇ’ ಎಂದು ಮಾರನೆಯ ದಿನ ಮತ್ತೆ ಗದ್ದೆಗೆ ಕಳಿಸುತ್ತೇವೆ.

ಮೂರನೆಯದು, ನಿಜವಾದ ಲಕ್ವದಲ್ಲೂ ಬದುಕಿ ಉಳಿದವರು ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಅತಿ ಹೆಚ್ಚು ಚೇತರಿಕೆ ಆಗುವುದು ಮೊದಲ ಮೂರು ತಿಂಗಳಲ್ಲಿ. ಸತ್ತ ಭಾಗದ ಸುತ್ತಲಿನ ಊತ ಇಳಿಯುತ್ತದೆ, ಪಕ್ಕದ ಭಾಗ ಕೆಲಸ ಕಲಿಯುತ್ತದೆ. ಆ ಮೂರು ತಿಂಗಳಲ್ಲಿ ಯಾವ ಮದ್ದು ಕುಡಿಸಿದರೂ ಹೆಸರು ಮದ್ದಿಗೇ. ಎಷ್ಟು ಚೇತರಿಕೆ ಆಗಬಹುದಿತ್ತು, ಎಷ್ಟು ತಪ್ಪಿಹೋಯಿತು ಎಂದು ಅಳೆಯುವವರು ಯಾರೂ ಇಲ್ಲ. ಸತ್ತವರಂತೂ ಬಂದು ಸಾಕ್ಷಿ ಹೇಳುವುದಿಲ್ಲ.

ಹೀಗೆ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿ ‘ನಾಟಿ ಔಷಧಿಯಿಂದ ಲಕ್ವ ವಾಸಿಯಾಗುತ್ತದೆ’ ಎಂಬ ಗಟ್ಟಿ ನಂಬಿಕೆಯಾಗಿವೆ. ಗಂಟು ಬಿಚ್ಚಬೇಕಾದರೆ ಲಕ್ವದಲ್ಲಿ ಬಗೆಗಳಿವೆ ಎಂದು ಒಪ್ಪಿಕೊಳ್ಳಬೇಕು. ಅದು ‘ವಾಯು’ ಎಂಬ ಒಂದೇ ವಸ್ತು ಮೈಗೆ ಹೊಕ್ಕು ಮಾಡುವ ಕೆಲಸವಲ್ಲ.

ದೊಡ್ಡದಾಗಿ ನೋಡಿದರೆ ಬಗೆ ಎರಡು. ರಕ್ತನಾಳ ಕಟ್ಟಿಕೊಳ್ಳುವುದು ಒಂದು, ಒಡೆಯುವುದು ಇನ್ನೊಂದು. ನಮ್ಮ ದೇಶದಲ್ಲಿ ಹೆಚ್ಚಿನವು ಕಟ್ಟಿಕೊಂಡದ್ದೇ. ಕಟ್ಟಿಕೊಂಡರೆ ಮೆದುಳಿನ ಯಾವ ಭಾಗಕ್ಕೆ ರಕ್ತ ನಿಂತಿತೋ ಆ ಭಾಗದ ಕೆಲಸ ನಿಲ್ಲುತ್ತದೆ. ಇಲ್ಲಿಯೇ ನಮ್ಮ ಜನ ಅತಿ ಹೆಚ್ಚು ಎಡವುವುದು, ಏಕೆಂದರೆ ನಮ್ಮ ಮನಸ್ಸಿನಲ್ಲಿರುವ ಲಕ್ವದ ಚಿತ್ರ ಒಂದೇ: ಸೊಟ್ಟ ಬಾಯಿ, ಬಿದ್ದ ಕೈಕಾಲು.

ಎಡ ಮೆದುಳಿಗೆ ರಕ್ತ ನಿಂತರೆ ಬಲಗೈ, ಬಲಗಾಲು ಸೋಲುತ್ತವೆ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರವೂ ಆ ಕಡೆಯೇ ಇರುವುದರಿಂದ ಮಾತೂ ಹೋಗುತ್ತದೆ. ಮಾತು ಹೋಗುವುದು ಎಂದರೆ ಬಾಯಿ ಕಟ್ಟುವುದೊಂದೇ ಅಲ್ಲ. ಕೆಲವರು ಕೇಳಿದ್ದನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಾರೆ, ಉತ್ತರ ಹೇಳಲು ಪದ ಬಾರದೆ ಕಣ್ಣೀರು ಹಾಕುತ್ತಾರೆ. ಇನ್ನು ಕೆಲವರು ಸರಾಗವಾಗಿ ಮಾತಾಡುತ್ತಲೇ ಇರುತ್ತಾರೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ನಾವು ಹೇಳಿದ್ದೂ ಅವರಿಗೆ ತಿಳಿಯುವುದಿಲ್ಲ. ಕೈಕಾಲು ಗಟ್ಟಿಯಾಗಿಯೇ ಇರಬಹುದು. ಇಂಥವರನ್ನು ಆಸ್ಪತ್ರೆಗೂ ಅಲ್ಲ, ನಾಟಿ ಔಷಧಿಗೂ ಅಲ್ಲ, ಮೆಟ್ಟಿಕೊಂಡಿದೆ ಎಂದು ಮಂತ್ರಿಸುವವರ ಹತ್ತಿರ ಕರೆದೊಯ್ಯುತ್ತಾರೆ. ಬೆಳಿಗ್ಗೆ ಸರಿಯಾಗಿದ್ದ ಹಿರಿಯರು ಮಧ್ಯಾಹ್ನ ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ ಅದು ಲಕ್ವ ಇರಬಹುದು ಎಂಬುದು ಪ್ರತಿ ಮನೆಗೆ ಗೊತ್ತಿರಬೇಕಾದ ಸಂಗತಿ.

ಬಲ ಮೆದುಳಿಗೆ ಹೊಡೆದಾಗಿನ ಚಿತ್ರ ಇನ್ನೂ ವಿಚಿತ್ರ. ಎಡಗೈ ಬಿದ್ದಿರುತ್ತದೆ, ಆದರೆ ಬಿದ್ದಿದೆ ಎಂಬ ಅರಿವು ರೋಗಿಗೇ ಇರುವುದಿಲ್ಲ. ತಟ್ಟೆಯ ಬಲ ಅರ್ಧದ ಅನ್ನ ತಿಂದು ಎಡ ಅರ್ಧ ಹಾಗೇ ಬಿಡುತ್ತಾರೆ. ‘ನನಗೇನೂ ಆಗಿಲ್ಲ, ಸುಮ್ನಿರಿ’ ಎಂದು ಗದರುತ್ತಾರೆ. ಯಜಮಾನರು ಆಗಿಲ್ಲ ಎಂದರೆ ಎದುರು ಹೇಳುವವರು ಯಾರು? ಸೊಸೆ ಸುಮ್ಮನಾಗುತ್ತಾಳೆ, ಮಗ ಸಂಜೆ ನೋಡೋಣ ಎನ್ನುತ್ತಾನೆ. ರೋಗಿಯ ಮಾತನ್ನು ನಂಬಬಾರದ ಕಾಯಿಲೆ ಇದು. ಎರಡೂ ಕೈ ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಿಸಿ, ಹತ್ತು ಎಣಿಸಿ. ಒಂದು ಕೈ ತಾನಾಗಿ ಕೆಳಗಿಳಿದರೆ ಅಲ್ಲಿಗೆ ಚರ್ಚೆ ಮುಗಿಯಿತು.

ಮೆದುಳಿನ ಹಿಂಭಾಗಕ್ಕೆ ರಕ್ತ ನಿಂತಾಗ ಬಾಯಿ ಸೊಟ್ಟಗಾಗದೆ ಇರಬಹುದು, ಕೈಕಾಲು ಬೀಳದೆ ಇರಬಹುದು. ಒಮ್ಮೆಲೇ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ನುಂಗಲು ಆಗುವುದಿಲ್ಲ, ನಿಲ್ಲಿಸಿದರೆ ಒಂದೇ ಕಡೆ ವಾಲಿ ಬೀಳುತ್ತಾರೆ. ನಮ್ಮ ಹೊಗೆಸೊಪ್ಪಿನ ಸೀಮೆಯಲ್ಲಿ ಇದಕ್ಕೆ ವಿಶೇಷವಾದ ಅಪಾಯವೊಂದಿದೆ. ಮಳೆಗಾಲದಲ್ಲಿ ಒದ್ದೆ ಸೊಪ್ಪು ಮುರಿಯುವವರಿಗೆ, ಕಂಕುಳಲ್ಲಿ ಹೊತ್ತು ತರುವವರಿಗೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಇಳಿದು ತಲೆಸುತ್ತು, ವಾಂತಿ ಬರುವುದು ಎಲ್ಲರೂ ಕಂಡದ್ದೇ. ಒಂದು ದಿನ ಮಲಗಿದರೆ ಸರಿಹೋಗುತ್ತದೆ. ಹಾಗಾಗಿ ಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯ್ದ ಐವತ್ತೈದು ವರ್ಷದ ರೈತ ಬೆಳಗಿನ ಜಾವ ತಲೆಸುತ್ತಿ ವಾಂತಿ ಮಾಡಿಕೊಂಡರೆ ‘ಸೊಪ್ಪಿನ ನಂಜು, ಇಲ್ಲವೇ ಪಿತ್ತ’ ಎಂದು ಮಜ್ಜಿಗೆ ಕೊಟ್ಟು ಮಲಗಿಸುತ್ತೇವೆ. ಆತನ ಮಾತು ತೊದಲುತ್ತಿದೆಯೇ, ಎರಡೆರಡು ಕಾಣುತ್ತಿದೆಯೇ, ಹಿಡಿಯದೆ ನಾಲ್ಕು ಹೆಜ್ಜೆ ನಡೆಯಬಲ್ಲನೇ ಎಂದು ನೋಡುವುದಿಲ್ಲ. ಬಿ.ಪಿ. ಇರುವ, ಸಕ್ಕರೆ ಇರುವ, ಬೀಡಿ ಸೇದುವ ಮನುಷ್ಯನಲ್ಲಿ ಇಂಥ ತಲೆಸುತ್ತನ್ನು ಪಿತ್ತದ ತಲೆಗೆ ಕಟ್ಟುವುದು ದೊಡ್ಡ ತಪ್ಪು.

ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವ ಬಗೆಯಲ್ಲಿ ಕೈಕಾಲು ಸೋಲುವುದರ ಜೊತೆಗೆ ತಲೆನೋವು, ವಾಂತಿ ಹೆಚ್ಚು. ನಿಮಿಷ ನಿಮಿಷಕ್ಕೂ ಸ್ಥಿತಿ ಇಳಿಯುತ್ತ ಹೋಗಿ ಪ್ರಜ್ಞೆ ಮಸುಕಾಗುತ್ತದೆ. ಇದರ ದೊಡ್ಡ ಕಾರಣ ವರ್ಷಗಟ್ಟಲೆ ಅಳೆಯದೆ, ಅಳೆದರೂ ಮಾತ್ರೆ ನುಂಗದೆ ಬಿಟ್ಟ ಬಿ.ಪಿ. ಮೆದುಳಿನ ಹೊರಪದರದಲ್ಲಿ ನಾಳದ ಗುಳ್ಳೆ ಒಡೆಯುವುದು ಇನ್ನೊಂದು ಬಗೆ. ಅದರಲ್ಲಿ ಒಂದೇ ಕ್ಷಣದಲ್ಲಿ ತಲೆ ಸಿಡಿಯುವಂಥ ನೋವು, ಜೀವಮಾನದಲ್ಲೇ ಕಾಣದಂಥ ನೋವು ಬರುತ್ತದೆ, ಕುತ್ತಿಗೆ ಬಗ್ಗುವುದಿಲ್ಲ. ಕೈಕಾಲು ಚೆನ್ನಾಗಿಯೇ ಇರಬಹುದು. ತಲೆನೋವೆಂದು ಮಾತ್ರೆ ನುಂಗಿ ಮಲಗಿದವರು ಎರಡನೆಯ ಸಲ ಒಡೆದಾಗ ಏಳುವುದಿಲ್ಲ.

ಬಾಣಂತಿಯರ ವಿಷಯ ಹೇಳದೆ ಮುಂದೆ ಹೋಗಲಾರೆ. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನಮ್ಮಲ್ಲಿ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಲೋಟ ಲೆಕ್ಕ ಹಾಕಿ ಕೊಡುವ ಮನೆಗಳು ಇನ್ನೂ ಇವೆ. ಬೆವರಿ, ಬಾಯಾರಿ, ರಕ್ತ ಇನ್ನಷ್ಟು ಗಟ್ಟಿಯಾಗಿ, ಮೆದುಳಿನಿಂದ ರಕ್ತವನ್ನು ಹೊರಗೊಯ್ಯುವ ದೊಡ್ಡ ಸಿರೆಯಲ್ಲೇ ಹೆಪ್ಪು ಕಟ್ಟಬಹುದು. ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್, ಒಂದು ಕಡೆ ಸೋಲು. ಹಳ್ಳಿಯಲ್ಲಿ ಇದಕ್ಕೆ ‘ಬಾಣಂತಿ ಸನ್ನಿ’ ಎಂದು ಹೆಸರಿಟ್ಟು ಬೇವಿನ ಸೊಪ್ಪು ಬೀಸುತ್ತಾರೆ. ಹೆಪಾರಿನ್ ಎಂಬ ಮದ್ದಿನಿಂದ ಬಹಳಷ್ಟು ಹೆಣ್ಣುಮಕ್ಕಳು ಪೂರ್ತಿ ಗುಣವಾಗುವ ಲಕ್ವ ಇದು. ಇಪ್ಪತ್ತೆರಡರ ಹುಡುಗಿಗೆ ಲಕ್ವ ಎಲ್ಲಿಂದ ಬರುತ್ತೆ ಎಂದು ಕೇಳುವವರು ಇದನ್ನು ತಿಳಿದಿರಬೇಕು.

ಇಷ್ಟು ಲಕ್ಷಣ ಹೇಳಿದ್ದರಿಂದ ಯಾರೂ ಮನೆಯಲ್ಲೇ ‘ಇದು ಕಟ್ಟಿಕೊಂಡದ್ದು, ಇದು ಒಡೆದದ್ದು’ ಎಂದು ತೀರ್ಮಾನಿಸಬಾರದು. ಅನುಭವಿ ನರತಜ್ಞರೂ ಬರೀ ಲಕ್ಷಣ ನೋಡಿ ಖಚಿತವಾಗಿ ಹೇಳುವುದಿಲ್ಲ, ಸಿ.ಟಿ. ಮಾಡಿಸುತ್ತಾರೆ. ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ವಿಷ. ಹೆಪ್ಪು ಕರಗಿಸುವ ಮದ್ದನ್ನು ಒಡೆದ ನಾಳಕ್ಕೆ ಕೊಟ್ಟರೆ ರೋಗಿ ಸಾಯಬಹುದು. ಇಲ್ಲಿ ಓದಿದವರ ಮೇಲೂ ನನ್ನ ತಕರಾರಿದೆ. ಎದೆನೋವಿಗೆ ಆಸ್ಪಿರಿನ್ ಅಗಿಯಬೇಕು ಎಂದು ಎಲ್ಲೋ ಓದಿ ಲಕ್ವದವರ ಬಾಯಿಗೂ ಆಸ್ಪಿರಿನ್ ತುರುಕುತ್ತಾರೆ. ಬಿ.ಪಿ. ಏರಿದೆ ಎಂದು ಮನೆಯಲ್ಲಿದ್ದ ಮಾತ್ರೆ ಎರಡೆರಡು ಕೊಟ್ಟು ಒಮ್ಮೆಲೇ ಇಳಿಸುತ್ತಾರೆ. ನಾಳ ಕಟ್ಟಿಕೊಂಡಿರುವಾಗ ಹಾಗೆ ಇಳಿಸಿದರೆ ಇನ್ನೂ ಉಸಿರಾಡುತ್ತಿದ್ದ ಭಾಗಕ್ಕೂ ರಕ್ತ ನಿಲ್ಲುತ್ತದೆ. ಹತ್ತು ಬೆರಳಿನ ತುದಿಗೂ ಸೂಜಿ ಚುಚ್ಚಿ ಒಂದೊಂದು ಹನಿ ರಕ್ತ ತೆಗೆದರೆ ಲಕ್ವ ಬಿಡುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ, ಪದವಿ ಪಡೆದವರೇ ಅದನ್ನು ಕಳಿಸುತ್ತಾರೆ. ಪಾರಿವಾಳದ ರಕ್ತಕ್ಕೂ ಬೆರಳ ತುದಿಯ ರಕ್ತಕ್ಕೂ ನಾನು ಭೇದ ಕಾಣೆ.

ಓದಿದವರು ಎಡವುವ ಇನ್ನೊಂದು ಜಾಗವಿದೆ. ‘ಸ್ಕ್ಯಾನ್ ಮಾಡಿಸಿದ್ವಿ, ನಾರ್ಮಲ್ ಬಂತು. ಆಸ್ಪತ್ರೆಯವರಿಗೆ ಕಾಯಿಲೆನೇ ಗೊತ್ತಾಗಲಿಲ್ಲ. ಅದಕ್ಕೆ ನಾಟಿ ಔಷಧಿಗೆ ಬಂದ್ವಿ.’ ತಾಜಾ ರಕ್ತಸ್ರಾವ ಸಿ.ಟಿ.ಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ನಾಳ ಕಟ್ಟಿಕೊಂಡ ಲಕ್ವದಲ್ಲಿ ಮೊದಲ ಕೆಲವು ಗಂಟೆ ಚಿತ್ರ ಸರಿಯಾಗಿಯೇ ಕಾಣಬಹುದು, ಕಪ್ಪು ಕಲೆ ಮೂಡುವುದು ಆಮೇಲೆ. ಕೈ ಬಿದ್ದಿದ್ದು ಸಿ.ಟಿ. ಸರಿಯಿದ್ದರೆ ಅದು ಒಳ್ಳೆಯ ಸುದ್ದಿ. ರಕ್ತ ಸೋರಿಲ್ಲ, ಮೆದುಳು ಇನ್ನೂ ಪೂರ್ತಿ ಸತ್ತಿಲ್ಲ, ಹೆಪ್ಪು ಕರಗಿಸುವ ಮದ್ದು ಕೊಡಲು ದಾರಿ ಇದೆ ಎಂದರ್ಥ. ನಾವು ಸರಿಯಾಗಿ ಆ ಗಳಿಗೆಯಲ್ಲಿ ಡಿಸ್ಚಾರ್ಜ್ ಕೇಳುತ್ತೇವೆ. ಇದನ್ನು ಎರಡು ನಿಮಿಷ ಕೂತು ಬಿಡಿಸಿ ಹೇಳದ ಡಾಕ್ಟರರದ್ದೂ ಇದರಲ್ಲಿ ತಪ್ಪಿದೆ.

ಹೆಪ್ಪು ಕರಗಿಸುವ ಆ ಮದ್ದು ಎಷ್ಟು ಕೆಲಸ ಮಾಡುತ್ತದೆ? ಪವಾಡ ಎಂದು ನಾನು ಹೇಳಲಾರೆ, ಲೆಕ್ಕ ಹೇಳುತ್ತೇನೆ. 1995ರ ಆ ಪ್ರಯೋಗದಲ್ಲಿ ಮೂರು ಗಂಟೆಯೊಳಗೆ ಮದ್ದು ಪಡೆದವರಲ್ಲಿ ನೂರಕ್ಕೆ 39 ಮಂದಿ ಮೂರು ತಿಂಗಳ ನಂತರ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಹಾಗಿದ್ದರು, ಪಡೆಯದವರಲ್ಲಿ 26 ಮಂದಿ. ಮದ್ದಿನಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿ ಹದಗೆಟ್ಟವರು ನೂರಕ್ಕೆ ಆರು. ಅಷ್ಟಾದರೂ ಒಟ್ಟು ಸಾವು ಮದ್ದು ಪಡೆದವರಲ್ಲಿ ಹೆಚ್ಚಾಗಲಿಲ್ಲ. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ಏರಿತು. ದೊಡ್ಡ ನಾಳ ಕಟ್ಟಿಕೊಂಡಾಗ ತೊಡೆಯಿಂದ ತಂತಿ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ 2015ರಲ್ಲಿ ಸಾಬೀತಾಯಿತು. 2018ರ ನಂತರ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಇವೆಲ್ಲ ಬೇಗ ಬಂದವರಿಗೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬುದು 2006ರ ಅಂದಾಜು.

ಈಗ ದೂರದ ಮಾತು. ‘ನಾವು ಹನಗೋಡಿನವರು, ಮೈಸೂರು ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ’ ಎನ್ನುತ್ತಾರೆ. ಹನಗೋಡಿನಿಂದ ಹುಣಸೂರಿಗೆ ಮುಕ್ಕಾಲು ಗಂಟೆ ಹಿಡಿಯಿರಿ, ಅಲ್ಲಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಒಂದು ಗಂಟೆ ಚಿಲ್ಲರೆ. ನೇರಳಕುಪ್ಪೆ, ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯಿಂದ ಬರುವವರಿಗೆ ಇನ್ನರ್ಧ ಗಂಟೆ ಸೇರಿಸಿ. ಆದರೂ ನಾಲ್ಕೂವರೆ ಗಂಟೆಯಲ್ಲಿ ಹೊತ್ತು ಉಳಿಯುತ್ತದೆ. ರಸ್ತೆ ನಮ್ಮ ಹೊತ್ತು ತಿನ್ನುತ್ತಿಲ್ಲ. ಮನೆ ಮುಂದಿನ ಚರ್ಚೆ ತಿನ್ನುತ್ತಿದೆ. ‘ಬೆಳಿಗ್ಗೆ ನೋಡೋಣ’ ತಿನ್ನುತ್ತಿದೆ. ಸಿ.ಟಿ. ಇಲ್ಲದ ಕಡೆ ಒಂದು ಗಂಟೆ, ಸಿ.ಟಿ. ಇದ್ದೂ ಮದ್ದಿಲ್ಲದ ಕಡೆ ಎರಡು ಗಂಟೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ತಿನ್ನುತ್ತಿದೆ. 108ಕ್ಕೆ ಫೋನ್ ಮಾಡಿದವರು ‘ಲಕ್ವ ಹೊಡೆದಿದೆ, ಸಿ.ಟಿ. ಇದ್ದು ಸ್ಟ್ರೋಕಿಗೆ ಇಂಜೆಕ್ಷನ್ ಕೊಡುವ ಕಡೆಗೇ ಹೋಗಬೇಕು’ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಹೊರಡುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬೆರಳಿಗೆ ಚುಚ್ಚಿ ಸಕ್ಕರೆ ನೋಡಲು ಒಂದು ನಿಮಿಷ ಸಾಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ ಸಕ್ಕರೆ ತೀರಾ ಇಳಿದರೂ ಲಕ್ವದ ಹಾಗೇ ಕಾಣುತ್ತದೆ, ಗ್ಲೂಕೋಸ್ ಏರಿಸಿದರೆ ಎದ್ದು ಕೂರುತ್ತಾರೆ.

ದುಡ್ಡಿನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಇಂಜೆಕ್ಷನ್ ದುಬಾರಿ. ಆದರೆ ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಿದೆ. ಇನ್ನೊಂದು ಕಡೆ, ಹಾಸಿಗೆ ಹಿಡಿದ ಯಜಮಾನನನ್ನು ಹತ್ತು ವರ್ಷ ನೋಡಿಕೊಳ್ಳುವ ಮನೆಯ ಖರ್ಚನ್ನು ಯಾರೂ ದುಡ್ಡಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಆ ಹತ್ತು ವರ್ಷ ಹೆಚ್ಚಾಗಿ ಹೋಗುವುದು ಒಬ್ಬ ಹೆಂಗಸಿನ ಆಯುಸ್ಸಿನಿಂದ.

‘ಔಷಧಿ ಕುಡಿಸಿದರೆ ಕೆಡುಕೇನು, ಆಗದಿದ್ದರೆ ಬೇಡ’ ಎನ್ನುವವರಿಗೂ ಉತ್ತರ ಹೇಳಬೇಕು. ಕೆಡುಕಿದೆ. ಲಕ್ವದಲ್ಲಿ ಎಷ್ಟೋ ಸಲ ನುಂಗುವ ಸ್ನಾಯುವೂ ಸೋತಿರುತ್ತದೆ. ಬಾಯಿ ಬಿಡಿಸಿ ಹೊಯ್ದ ಕಷಾಯ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಎಷ್ಟೋ ರೋಗಿಗಳನ್ನು ಲಕ್ವವಲ್ಲ, ಈ ನ್ಯುಮೋನಿಯಾ ಕೊಲ್ಲುತ್ತದೆ. ಮೂಗಿಗೆ ಹಿಂಡುವ ಸೊಪ್ಪಿನ ರಸದ್ದೂ ಇದೇ ಕಥೆ. ಸೋತ ತೋಳನ್ನು ಜಗ್ಗಿ ನೀವಿದರೆ ಭುಜದ ಕೀಲು ಜಾರುತ್ತದೆ, ಆಮೇಲೆ ಬರುವ ನೋವಿಗೆ ಕೈ ಎತ್ತುವ ವ್ಯಾಯಾಮವನ್ನೇ ರೋಗಿ ಬಿಡುತ್ತಾನೆ. ಎಲ್ಲಕ್ಕಿಂತ ದೊಡ್ಡದು ಪಥ್ಯ. ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿದರೇ ನಮ್ಮ ಔಷಧಿ ಹತ್ತುವುದು’ ಎಂಬ ಷರತ್ತು ಹಾಕಿದಾಗ ಬಿ.ಪಿ. ಮಾತ್ರೆ ನಿಲ್ಲುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲುತ್ತದೆ, ಎರಡನೆಯ ಲಕ್ವ ಬಾಗಿಲಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ಮಾತ್ರ ಯಾರೂ ಔಷಧಿಯನ್ನು ದೂರುವುದಿಲ್ಲ, ಹಣೆಬರಹವನ್ನು ದೂರುತ್ತಾರೆ. ಕಾಡಿನ ಗಿಡಮರದ ಬಗ್ಗೆ ನಮ್ಮ ಹಾಡಿಗಳ ಜೇನುಕುರುಬರಿಗಿರುವ ತಿಳಿವಳಿಕೆಗೆ ನನಗೆ ಗೌರವವಿದೆ. ಆದರೆ ಯಾವ ಬೇರಿನ ರಸವೂ ಮೆದುಳಿನ ನಾಳದಲ್ಲಿ ಸಿಕ್ಕಿದ ಹೆಪ್ಪನ್ನು ನಾಲ್ಕು ಗಂಟೆಯೊಳಗೆ ಕರಗಿಸಿದ್ದನ್ನು ಯಾರೂ ತೋರಿಸಿಲ್ಲ.

ಸರ್ಕಾರದ ಪಾಲೂ ಇದೆ. ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರುವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಮೆದುಳಿನ ಆರೋಗ್ಯದ ಯೋಜನೆ ಒಳ್ಳೆಯ ಕೆಲಸ, ಆದರೆ ಅದರ ಫಲ ಜಿಲ್ಲಾ ಕೇಂದ್ರದಲ್ಲಿ ನಿಂತರೆ ಕಾಡಂಚಿನವರಿಗೆ ಮುಟ್ಟುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಸಿ.ಟಿ. ಮಾಡಬೇಕು. ಚಿತ್ರವನ್ನು ಫೋನಿನಲ್ಲಿ ನೋಡಿ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ನರತಜ್ಞರು ‘ಕೊಡಿ’ ಎಂದರೆ ಅಲ್ಲಿಯೇ ಇಂಜೆಕ್ಷನ್ ಶುರುವಾಗಬೇಕು. ಮದ್ದು ಫ್ರಿಜ್ಜಿನಲ್ಲಿ ಇರಬೇಕು, ಇಂಡೆಂಟಿನಲ್ಲಿ ಅಲ್ಲ. ರಸ್ತೆ, ಚರಂಡಿ, ಹೊಗೆಸೊಪ್ಪಿನ ದರಕ್ಕೆ ಪ್ರತಿಭಟನೆ ಮಾಡುವ ನಮ್ಮ ಸಂಘಗಳು ಇದಕ್ಕೆ ಒಂದು ದಿನವೂ ಕೂತಿಲ್ಲ, ಏಕೆಂದರೆ ಲಕ್ವಕ್ಕೆ ಆಸ್ಪತ್ರೆಯಲ್ಲಿ ಮದ್ದಿಲ್ಲ ಎಂದು ನಾವೇ ನಂಬಿದ್ದೇವೆ. ಇಲ್ಲದ ಮದ್ದನ್ನು ಯಾರು ಕೇಳುತ್ತಾರೆ? ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕು: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ರಾತ್ರಿ ಸಿ.ಟಿ. ನಡೆಯುತ್ತದೆಯೇ, ಆ ಇಂಜೆಕ್ಷನ್ ದಾಸ್ತಾನಿನಲ್ಲಿ ಎಷ್ಟಿದೆ, ಇಲ್ಲವಾದರೆ 108ರವರು ನಮ್ಮನ್ನು ನೇರವಾಗಿ ಎಲ್ಲಿಗೆ ಕರೆದೊಯ್ಯುತ್ತಾರೆ. ಉತ್ತರವನ್ನು ಪಂಚಾಯಿತಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಕಾರ್ಯದರ್ಶಿಯ ಸಹಿ ಹಾಕಿಸಿಕೊಳ್ಳಬೇಕು.